ಶೆಫರ್ಡ್ ಮರಿ ತರುವ ಮೊದಲು

ಜರ್ಮನ್ ಶೆಫರ್ಡ್ ಮರಿ ತರುತ್ತೀಯಂತೆ, ನಿಮ್ಮಮ್ಮ ಹೇಳಿದರು. ತಾ ಮಾರಾಯ, ಬೇಡ ಅನ್ನುವವನಲ್ಲ ನಾನು. ಆದರೆ ಶಿವಮೊಗ್ಗದ ಗೋಪಾಳದ ನಿಮ್ಮ ಮನೆ ಗೇಟಿನ ಪಕ್ಕ ಸರಪಳಿ ಹಾಕಿ ಕಟ್ಟೋದಕ್ಕೆ ಅಂತಾದರೆ ಈಗಲೇ ಕೈಬಿಡು.

ಅದು ಪೊಲೀಸರ ಜೊತೆ ಓಡಾಡೋದನ್ನು ನೋಡಿ ಕಾವಲು ನಾಯಿ ಅಂದುಕೊಂಡಿದ್ದೇವೆ. ಮೂಲದಲ್ಲಿ ಅದು ಕುರಿ ಕಾಯುವ ನಾಯಿ. 1899ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನುವ ಮಾಜಿ ಸೇನಾಧಿಕಾರಿ ಅಂಥದ್ದೊಂದು ನಾಯಿ ಕೊಂಡು, ಹೋರಾಂಡ್ ಅಂತ ಹೆಸರಿಟ್ಟು, ಅದರಿಂದ ಈ ತಳಿ ಬೆಳೆಸಿದ. ಬೇಲಿಯಿಲ್ಲದ ಬಯಲಲ್ಲಿ ಮಂದೆ ಪಕ್ಕದ ಬೆಳೆಗೆ ಬಾಯಿ ಹಾಕದ ಹಾಗೆ ದಿನವಿಡೀ ಅಂಚು ಹಿಡಿದು ಓಡೋದು ಇದರ ಕೆಲಸ. ಆ ಬುದ್ಧಿ ಇನ್ನೂ ಹೋಗಿಲ್ಲ. ನಿಮ್ಮಕ್ಕನ ಮಕ್ಕಳು ಬಂದು ಅಂಗಳದಲ್ಲಿ ಓಡಿದರೆ ಸುತ್ತು ಹಾಕುತ್ತೆ, ಹಿಮ್ಮಡಿಗೆ ಬಾಯಿ ಹಾಕುತ್ತೆ, ಬೈಕ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತೆ. ಅದು ಸಿಟ್ಟಲ್ಲ, ಚದುರಿದ್ದನ್ನು ಒಟ್ಟು ಮಾಡುವ ಚಟ. ಕಟ್ಟಿಹಾಕಿದರೆ ಅದೇ ಚಟ ಬೊಗಳಾಟವಾಗುತ್ತೆ, ಗೇಟು ಕಚ್ಚೋದಾಗುತ್ತೆ. ಆಮೇಲೆ ಜನ ‘ನಾಯಿ ಕೆಟ್ಟದ್ದು’ ಅಂತಾರೆ.

ಹಾಗಾಗಿ ಬೆಳೆದ ನಾಯಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಿನ್ನದು ಬೇಕು. ಬರೀ ನಡೆಸಿದರೆ ಸಾಲದು, ತಲೆಗೂ ಕೆಲಸ ಕೊಡು. ಟವೆಲ್ ಬಚ್ಚಿಟ್ಟು ಹುಡುಕಿಸು, ಬಾಗಿಲು ತೆಗೆದರೂ ಹೇಳುವ ತನಕ ಕೂರೋದನ್ನು ಕಲಿಸು. ನಮ್ಮಲ್ಲಿ ಮನೆಮಂದಿಯೆಲ್ಲ ಕನ್ನಡ ಆಡಿದರೂ ನಾಯಿ ಜೊತೆ ಮಾತ್ರ ಇಂಗ್ಲಿಷು! ನೀನು ‘ಸಿಟ್’ ಅನ್ನೋದು, ಅಜ್ಜಿ ‘ಕೂತ್ಕಳೋ’ ಅನ್ನೋದು ಬೇಡ. ಯಾವುದೋ ಒಂದು, ಮನೆಯವರೆಲ್ಲ ಅದನ್ನೇ ಹೇಳಿ. ಹೊಡೆಯಲೇಬೇಡ. ಹೊಡೆಸಿಕೊಂಡ ಶೆಫರ್ಡ್ ಒಂದೋ ಪುಕ್ಕಲಾಗುತ್ತೆ, ಇಲ್ಲ ಕಚ್ಚುತ್ತೆ.

ಎಂಟು ವಾರ ತುಂಬದ ಮರಿ ತರಬೇಡ. ತಂದ ಮೇಲೆ ಅದಕ್ಕೆ ನಾಲ್ಕು ತಿಂಗಳು ತುಂಬುವವರೆಗಿನ ದಿನಗಳು ಚಿನ್ನ. ಸಿಲಿಂಡರ್ ತರುವವರು, ಪೋಸ್ಟಿನವರು, ಛತ್ರಿ ಹಿಡಿದವರು, ಆಟೋ ಸದ್ದು, ಎಲ್ಲ ಆಗ ರೂಢಿಯಾಗಬೇಕು. ಲಸಿಕೆ ಮುಗಿಯುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸು. ಆ ರೂಢಿ ತಪ್ಪಿಸಿದರೆ, ಗಣಪತಿ ಮೆರವಣಿಗೆಯ ಡೊಳ್ಳಿಗೆ ಮಂಚದಡಿ ಸೇರುವ 35 ಕೆ.ಜಿ. ನಾಯಿಯನ್ನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತೆ.

ಈ ಜಾತಿಗೆ ಸೊಂಟದ ಕೀಲು ಸಡಿಲವಾಗುವ ತೊಂದರೆ ವಂಶದಲ್ಲೇ ಬರುತ್ತೆ. ಮರಿಯ ಚೆಂದ ನೋಡೋದಕ್ಕೆ ಮೊದಲು ಅದರ ತಾಯಿ ಎದ್ದು ನಡೆಯೋದನ್ನು ನೋಡು. ತಾಯಿಯನ್ನು ತೋರಿಸಲ್ಲ ಅಂದವರ ಹತ್ತಿರ ಕೊಳ್ಳಬೇಡ. ಬೇಗ ದೊಡ್ಡದಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಸುರಿಯುತ್ತಾರಲ್ಲ, ಡಾಕ್ಟರು ಹೇಳದೆ ಅದು ಬೇಡವೇ ಬೇಡ, ಮೂಳೆಗೇ ಕೆಡುಕು. ನುಣುಪು ಟೈಲ್ಸ್ ಮೇಲೆ ಚಾಪೆ ಹಾಸು, ಮರಿಯನ್ನು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಬೇಡ. ಬರೀ ಮೊಸರನ್ನದಲ್ಲಿ ಇದು ಬೆಳೆಯೋದಿಲ್ಲ, ಮೊಟ್ಟೆಯೋ ಕೋಳಿಯೋ ಒಳ್ಳೆಯ ನಾಯಿ ಆಹಾರವೋ ಬೇಕು. ಬೆಳೆದ ಮೇಲೆ ದಿನಕ್ಕೆ ಎರಡು ಹೊತ್ತು ಹಾಕು. ಉಂಡ ಕೂಡಲೇ ಓಡಿಸಬೇಡ, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತೆ.

ಇನ್ನು ನಮ್ಮ ಹವೆ. ಇದಕ್ಕೆ ಎರಡು ಪದರದ ಕೂದಲು. ಜುಲೈ ಮಳೆಯಲ್ಲಿ ಒಳಪದರ ಒಣಗದೆ ಚರ್ಮ ಕೆಂಪಾಗಿ ಹುಣ್ಣಾಗುತ್ತೆ. ತಿರುಗಾಡಿಸಿ ಬಂದ ಕೂಡಲೇ ಒರೆಸಿ ಬಾಚು. ನಿಂತ ನೀರು ಕುಡಿಯೋಕೆ ಬಿಡಬೇಡ, ಇಲಿಜ್ವರದ ಭಯ ಇದೆ. ಬೇಸಗೆ ಬಂತು ಅಂತ ಬೋಳಿಸಲೂಬೇಡ, ಆ ಕೂದಲೇ ಬಿಸಿಲನ್ನೂ ತಡೆಯೋದು. ಏಪ್ರಿಲ್‌ನಲ್ಲಿ ಭದ್ರಾವತಿಯ ನಮ್ಮ ನ್ಯೂಟೌನ್ ಕಡೆ ಬಂದರೆ ಟಾರು ಕಾಯುವ ಮೊದಲೇ ವಾಕಿಂಗ್ ಮುಗಿಸು.

ಎಲ್ಲಕ್ಕಿಂತ ಹೆಚ್ಚು ಕಾಡೋದು ಉಣುಗು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ತಾನೆ? ಚಳಿಗಾಲದಿಂದ ಬೇಸಗೆವರೆಗೆ ನಾಯಿಯನ್ನು ಕಾಡಂಚಿಗೆ ಒಯ್ಯಬೇಡ. ಊರಿನ ಉಣುಗೇನೂ ಸಾಚಾ ಅಲ್ಲ, ನಾಯಿಗೆ ರಕ್ತದ ಜ್ವರ ತರುತ್ತೆ. ಕಿವಿಯೊಳಗೆ, ಕತ್ತಿನಡಿ, ಬೆರಳ ಸಂದಿಯಲ್ಲಿ ದಿನಾ ಕೈಯಾಡಿಸು. ಉಣುಗಿನ ಔಷಧಿಯನ್ನು ಡಾಕ್ಟರು ಹೇಳಿದ ಲೆಕ್ಕಕ್ಕೆ ತಪ್ಪದೆ ಹಾಕು. ಊಟ ಬಿಟ್ಟಿತು, ಒಸಡು ಬಿಳುಚಿತು, ಮೂಗಲ್ಲಿ ರಕ್ತ ಬಂತು ಅಂದರೆ ಮನೆಮದ್ದು ಹುಡುಕುತ್ತಾ ಕೂರಬೇಡ. ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಗೆ ಒಯ್ದು ರಕ್ತ ಪರೀಕ್ಷೆ ಮಾಡಿಸು.

ಇಷ್ಟಕ್ಕೆಲ್ಲ ಹತ್ತು-ಹನ್ನೆರಡು ವರ್ಷ ಪುರುಸೊತ್ತು ಇರುತ್ತಾ ಅಂತ ಮನೆಯಲ್ಲಿ ಕೂತು ಮಾತಾಡಿ. ನಾಳೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ನೀನು ಹೊರಟರೆ ಇದನ್ನು ಹಿಡಿದು ನಡೆಸೋದು ನಿಮ್ಮಮ್ಮನ ಕೈಲಾಗೋದಿಲ್ಲ. ಅನುಮಾನವಿದ್ದರೆ ಈ ಜಾತಿ ಬೇಡ, ನಿಮ್ಮ ಬೀದಿಯಲ್ಲೇ ಹುಟ್ಟಿದ ಒಂದು ಮರಿಯನ್ನು ಒಳಗೆ ಕರೆದುಕೋ.