ವಾದ್ಯವೃಂದದ ಕೃತಿಯನ್ನು ಹಾರ್ನಿಗೂ ಆರ್ಗನಿಗೂ ಹೊಂದಿಸುವ ಕ್ರಮ

ಅನೇಕ ವಾದ್ಯಗಳಿಗಾಗಿ ರಚಿಸಿದ ಕೃತಿಯನ್ನು ಕೆಲವೇ ವಾದ್ಯಗಳಿಗೆ ಹೊಂದಿಸುವವರು ಮೊದಲು ತಿಳಿಯತಕ್ಕದ್ದೇನಂದರೆ, ಪ್ರತಿಯೊಂದು ವಾದ್ಯಕ್ಕೆ ಅದರ ಶಕ್ತಿಗೆ ತಕ್ಕ ಕೆಲಸವನ್ನೇ ಕೊಡಬೇಕು. ಯುರೋಪಿನಲ್ಲಿ ಸುಮಾರು 1600ರಿಂದ 1750ರ ವರೆಗಿನ ಬರೋಕ್ ಕಾಲದ ಸಂಗೀತವು ಇದಕ್ಕೆ ಒಳ್ಳೆಯ ಪಾಠವಾಗಿರುವದು.

ಹುಲಗೂರು ಸೀಮೆಯ ಉತ್ಸವಗಳಲ್ಲಿ ಕೊಂಬಿನ ಧ್ವನಿಯನ್ನು ಕೇಳಿದ ವಾಚಕರಿಗೆ ಹಾರ್ನಿನ ಸ್ವಭಾವವು ಬೇಗನೆ ತಿಳಿಯುವದು. ಹಳೆಯ ಹಾರ್ನಿನಲ್ಲಿ ತುಟಿಯ ಬಿಗಿತದಿಂದಲೇ ಸ್ವರಗಳು ಹುಟ್ಟುತ್ತಿದ್ದವು. ಕೆಳಗೆ ಷಡ್ಜ, ಪಂಚಮ, ಗಾಂಧಾರಗಳು ದೂರದೂರವಾಗಿ ಬರುವವು. ಎಂಟನೆಯ ಸ್ವರದಿಂದ ಮೇಲೆ ಮಾತ್ರ ಒಂದರ ಮಗ್ಗುಲಲ್ಲಿ ಒಂದು ದೊರೆಯುವವು. ಆದಕಾರಣ ಬಾಕ್, ಹ್ಯಾಂಡೆಲ್ ಮುಂತಾದವರು ಹಾರ್ನಿನ ರಾಗವನ್ನು ಎತ್ತರದಲ್ಲಿ ಬರೆದರು. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬವರು ವಾಲ್ವಿಗೆ ಪೇಟೆಂಟು ಪಡೆದರು. ವಾಲ್ವು ಬಂದ ಮೇಲೆ ಎಲ್ಲ ಸ್ವರಗಳೂ ಸುಲಭವಾದವು. ಆದರೂ ಉಸಿರು ಮನುಷ್ಯನದೇ. ವಿಶ್ರಾಂತಿಯಿಲ್ಲದೆ ಊದುವವನ ತುಟಿಯು ಸೋತುಹೋಗುವದು.

ಆರ್ಗನಿಗೆ ಈ ದಣಿವಿಲ್ಲ. ಹೀಗಿರುವದರಿಂದ ಪಿಟೀಲುಗಳ ಬಿರುಸಾದ ಸ್ವರಮಾಲೆಗಳನ್ನು ಆರ್ಗನಿನ ಕೈಗಳಿಗೂ, ಮಂದ್ರ ಸ್ವರಗಳನ್ನು ಕಾಲುಮಣೆಗೂ ಕೊಡತಕ್ಕದ್ದು. ಮಂದ್ರವೇ ಬರೋಕ್ ಸಂಗೀತದ ಅಸ್ತಿವಾರ. ಅದು ಕುಂದಿದರೆ ಮೇಲಿನ ರಾಗವು ಎಷ್ಟು ಇಂಪಾದರೂ ನಿಲ್ಲಲಾರದು. ಹ್ಯಾಂಡೆಲನು 1717ರಲ್ಲಿ ಥೇಮ್ಸ್ ನದಿಯ ಮೇಲೆ ನುಡಿಸಿದ ‘ಜಲಸಂಗೀತ’ದಲ್ಲಿ ಹಾರ್ನಿಗಾಗಿ ಬರೆದ ಭಾಗವು ಹಾರ್ನಿಗೇ ಉಳಿಯಲಿ. ಒಂದು ಗುಂಪು ಹೇಳಿದ್ದಕ್ಕೆ ಇನ್ನೊಂದು ಗುಂಪು ಉತ್ತರ ಕೊಡುವಲ್ಲಿ ಆರ್ಗನು ಮಾರುಲಿಯಲಿ. ಆಗ ಊದುವವನಿಗೂ ಉಸಿರಾಡಲು ಸಮಯ ಸಿಕ್ಕುವದು.

ಬಾಕನೇ ಈ ವಿದ್ಯೆಯಲ್ಲಿ ನಮಗೆ ಗುರು. 1711ರಲ್ಲಿ ಅಚ್ಚಾದ ವಿವಾಲ್ಡಿಯ ಕೃತಿಗಳಲ್ಲಿ ಕೆಲವನ್ನು ಅವನು ಆರ್ಗನಿಗೆ ಅಳವಡಿಸಿದನು. ಡಿ ಮೈನರ್ ಶ್ರುತಿಯ ಕೃತಿಯ ಆರಂಭದಲ್ಲಿ ಎರಡು ಪಿಟೀಲುಗಳ ಭಾಗವನ್ನು ನಾಲ್ಕಡಿಯ ಕೊಳವೆಗಳ ಮೇಲೆ ನುಡಿಸಬೇಕೆಂದು ಸೂಚಿಸಿದನು. ಈ ಕೊಳವೆಗಳು ಒತ್ತಿದ ಸ್ವರಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುವವು; ಆದದರಿಂದ ಕೈಗಳು ಕೆಳಗೆ ನುಡಿಸಿದರೂ ಧ್ವನಿಯು ತನ್ನ ಸ್ಥಾನದಲ್ಲೇ ಕೇಳುವದು. ಕಾಗದದ ಮೇಲಿನ ಗುರುತಿಗಿಂತ ಕಿವಿಗೆ ಬೀಳುವದೇ ಮುಖ್ಯವೆಂಬದನ್ನು ಇದರಿಂದ ಕಲಿಯಬೇಕು. ಎಫ್ ಹಾರ್ನಿಗೆ ಬರೆಯುವಾಗಲೂ ಹಾಗೆಯೇ: ಅದು ಬರೆದದ್ದಕ್ಕಿಂತ ಐದನೆಯ ಸ್ವರದಷ್ಟು ಕೆಳಗೆ ನುಡಿಯುವದರಿಂದ, ಅಷ್ಟೇ ಮೇಲಕ್ಕೆ ಬರೆಯಬೇಕು.

ಶ್ರುತಿಯ ವಿಷಯದಲ್ಲಿ ಹಾರ್ನೇ ಬಾಗತಕ್ಕದ್ದು. ನಮ್ಮ ಬೇಸಿಗೆಯಲ್ಲಿ ಕೊಳವೆಯೊಳಗಿನ ಗಾಳಿ ಕಾದು ಆರ್ಗನಿನ ಶ್ರುತಿಯು ಏರುವದು. ಸಾವಿರಾರು ಕೊಳವೆಗಳನ್ನು ಆ ಕ್ಷಣದಲ್ಲಿ ಯಾರು ತಿದ್ದಬಲ್ಲರು? ಹಾರ್ನಿನವನು ತನ್ನ ಜಾರುಕೊಳವೆಯನ್ನು ಸರಿಸಿ ಹೊಂದಿಕೊಳ್ಳುವನು. ಆರ್ಗನಿಲ್ಲದ ಊರಿನಲ್ಲಿ ಹಾರ್ಮೋನಿಯಮಿನಿಂದ ಅಭ್ಯಾಸ ಮಾಡಬಹುದು. ಅದಕ್ಕೆ ಕಾಲುಮಣೆಯಿಲ್ಲವಾದದರಿಂದ ಮಂದ್ರವನ್ನು ಒಂದು ಹಾರ್ನಿಗೆ ಒಪ್ಪಿಸಿರಿ. ಬರೆದು ಮುಗಿಸಿದ ಮೇಲೆ ಮಂದ್ರವನ್ನೂ ಮೇಲಿನ ರಾಗವನ್ನೂ ಮಾತ್ರ ನುಡಿಸಿ ಕೇಳಿರಿ. ಅವೆರಡರಲ್ಲೇ ಕೃತಿಯ ಗುರುತು ಸಿಕ್ಕಿದರೆ ಕೆಲಸವು ಸರಿಯಾಯಿತೆಂದು ತಿಳಿಯಿರಿ.