ಗುರಿ ಅಚಲ, ದಾರಿ ಮುಕ್ತ
ಕಂದಕ ಯುದ್ಧವು ಕಲಿಸುವ ಕಾರ್ಯನಿರ್ವಹಣೆಯ ಪಾಠ

ಶಾಲೆಯ ಕಟ್ಟಡ, ಬಡವರಿಗೆ ಮನೆ, ಕುಡಿಯುವ ನೀರಿನ ಬಾವಿ, ಹೀಗೆ ಯಾವುದಾದರೊಂದು ಸಾರ್ವಜನಿಕ ಕೆಲಸವನ್ನು ಹೆಗಲ ಮೇಲೆ ಹೊತ್ತವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಕಾಗದದಲ್ಲಿ ಬರೆದ ಯೋಜನೆ ಬರೆದಂತೆಯೇ ಮುಗಿಯುವುದಿಲ್ಲ. ಸಿಮೆಂಟಿನ ಬೆಲೆ ಏರುತ್ತದೆ. ಮಳೆ ಬೇಗನೆ ಹಿಡಿಯುತ್ತದೆ. ಹಣ ಕೊಡುತ್ತೇನೆಂದವರು ಹಿಂದೆ ಸರಿಯುತ್ತಾರೆ. ಜೊತೆಗಿದ್ದವರಲ್ಲೇ ಗುಸುಗುಸು ಆರಂಭವಾಗುತ್ತದೆ. ಆಗ ಕೆಲವು ಮುಂದಾಳುಗಳು ತಾವು ಹೇಳಿದ್ದೇ ನಡೆಯಬೇಕೆಂದು ಹಠ ಹಿಡಿಯುತ್ತಾರೆ. ಇನ್ನು ಕೆಲವರು ಗಾಳಿ ಬೀಸಿದ ಕಡೆ ವಾಲಿ ಕೊನೆಗೆ ಗುರಿಯನ್ನೇ ಕೈಬಿಡುತ್ತಾರೆ. ಇವೆರಡೂ ಅಲ್ಲದ ದಾರಿಯೊಂದಿದೆ. ಗುರಿ ಯಾವುದು, ಅದನ್ನು ತಲುಪಲು ನಾವು ಯೋಚಿಸಿದ ಉಪಾಯ ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯುವುದೇ ಆ ದಾರಿ. ಹಿಜರಿ 5ನೇ ವರ್ಷದ (ಕ್ರಿ.ಶ. 627) ಮದೀನಾ ಇದಕ್ಕೆ ಉತ್ತಮ ಪಾಠಶಾಲೆ.

ಸೋಲಿನ ನಂತರವೂ ಸಮಾಲೋಚನೆ

ಕುರೈಶರು, ಗತ್‌ಫಾನ್ ಮತ್ತು ಇತರ ಗೋತ್ರಗಳು ಒಂದಾಗಿ ಸುಮಾರು 10,000 ಮಂದಿಯ ಸೇನೆಯೊಂದಿಗೆ ಮದೀನಾದತ್ತ ಹೊರಟ ಸುದ್ದಿ ಬಂತು. ಮುಸ್ಲಿಮರ ಸಂಖ್ಯೆ ಸುಮಾರು 3,000. ಎರಡು ವರ್ಷಗಳ ಹಿಂದೆ ಉಹುದ್‌ನಲ್ಲಿ ಆದ ಗಾಯ ಇನ್ನೂ ಹಸಿಯಾಗಿತ್ತು. ಆಗ ಪಟ್ಟಣದೊಳಗೇ ಇದ್ದು ಎದುರಿಸೋಣವೆಂಬುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಹೊರಗೆ ಹೋಗಿ ಹೋರಾಡೋಣವೆಂದವರ ಮಾತನ್ನು ಅವರು ಮನ್ನಿಸಿದ್ದರು. ಸುಮಾರು 70 ಮಂದಿ ಹುತಾತ್ಮರಾದರು. ಸಾಮಾನ್ಯ ನಾಯಕನಾಗಿದ್ದರೆ ಇನ್ನು ಯಾರನ್ನೂ ಕೇಳುವುದಿಲ್ಲವೆಂದು ತೀರ್ಮಾನಿಸುತ್ತಿದ್ದ. ಆದರೆ ಉಹುದ್‌ನ ನಂತರ ಅವತೀರ್ಣವಾದ ಸೂಕ್ತವು (3:159) ಅನುಚರರನ್ನು ಕ್ಷಮಿಸುವಂತೆಯೂ ಅವರೊಡನೆ ಸಮಾಲೋಚನೆ ನಡೆಸುವಂತೆಯೂ ಆದೇಶಿಸಿತು. ತೀರ್ಮಾನವಾದ ಮೇಲೆ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಕಲಿಸಿತು. ಸಮಾಲೋಚನೆ ಮೊದಲು, ತವಕ್ಕುಲ್ ಅದರ ಬೆನ್ನಿಗೆ. ಈ ಕ್ರಮವನ್ನು ಗಮನಿಸಿರಿ.

ಈ ಬಾರಿ ಹೊಸ ಉಪಾಯ ಸೂಚಿಸಿದವರು ಪರ್ಶಿಯಾದಿಂದ ಬಂದ ಹಝ್ರತ್ ಸಲ್ಮಾನ್ ಫಾರಿಸಿ(ರ) ಎಂದು ಸೀರಾ ಗ್ರಂಥಗಳು ತಿಳಿಸುತ್ತವೆ. ಕಂದಕ ತೋಡುವುದು ಅರಬರ ಯುದ್ಧಪದ್ಧತಿಯಾಗಿರಲಿಲ್ಲ. ಸೂಚಿಸಿದವರು ಆ ನೆಲದಲ್ಲಿ ಗೋತ್ರದ ಬಲವಿಲ್ಲದವರು, ಇತ್ತೀಚೆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು. ಆದರೂ ಮಾತಿನ ತೂಕ ನೋಡಲಾಯಿತೇ ಹೊರತು ಹೇಳಿದವರ ಕುಲ ನೋಡಲಿಲ್ಲ. ಮದೀನಾದ ಇತರ ದಿಕ್ಕುಗಳಿಗೆ ಲಾವಾ ಕಲ್ಲಿನ ಬಯಲು, ಖರ್ಜೂರದ ತೋಟಗಳು ಮತ್ತು ಒತ್ತಾದ ಮನೆಗಳ ರಕ್ಷಣೆಯಿತ್ತು. ತೆರೆದಿದ್ದುದು ಮುಖ್ಯವಾಗಿ ಉತ್ತರ ದಿಕ್ಕು. ಇದ್ದ ಅಲ್ಪ ಶಕ್ತಿಯನ್ನು ಅಲ್ಲಿಯೇ ಕೇಂದ್ರೀಕರಿಸಲಾಯಿತು.

ಮಣ್ಣು ಹೊತ್ತ ನಾಯಕ

ಪ್ರತಿ ಹತ್ತು ಮಂದಿಗೆ 40 ಮೊಳದಂತೆ ಕೆಲಸ ಹಂಚಲಾಯಿತೆಂದು ವರದಿಯಿದೆ. ತನ್ನ ಪಾಲು ಎಷ್ಟೆಂಬುದು ಪ್ರತಿಯೊಬ್ಬನಿಗೂ ಸ್ಪಷ್ಟವಾಗಿತ್ತು. ಚಳಿ ಮತ್ತು ಹಸಿವು ಜೊತೆಗಿದ್ದವು. ಪ್ರವಾದಿವರ್ಯರು(ಸ) ಸ್ವತಃ ಮಣ್ಣು ಹೊರುತ್ತಿದ್ದರು, ಧೂಳು ಅವರ ಹೊಟ್ಟೆಯ ಚರ್ಮವನ್ನು ಮುಚ್ಚಿತ್ತು ಎಂದು ಹಝ್ರತ್ ಬರಾ(ರ) ವರದಿ ಮಾಡಿದ್ದಾರೆ. ಒಡೆಯಲಾಗದ ಬಂಡೆಯೊಂದು ಎದುರಾದಾಗ ಅನುಚರರು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಹೊಟ್ಟೆಗೆ ಕಲ್ಲು ಕಟ್ಟಿಕೊಂಡಿದ್ದ ಅವರು ಎದ್ದು ಬಂದು ತಾವೇ ಗುದ್ದಲಿ ಹಿಡಿದರೆಂದು ಹಝ್ರತ್ ಜಾಬಿರ್(ರ) ಹೇಳುತ್ತಾರೆ. ನೆರಳಲ್ಲಿ ಕುಳಿತು ಆಜ್ಞೆ ಕೊಡುವವನಿಗೆ ನೆಲದಲ್ಲಿ ಬಂಡೆಯಿರುವುದು ತಿಳಿಯುವುದೇ ತಡವಾಗಿ.

ಸುದ್ದಿ ಬಂದಾಗ

ಕಂದಕ ಸಿದ್ಧವಾಯಿತು. ಮುತ್ತಿಗೆಯೂ ಆರಂಭವಾಯಿತು. ಆಗ ಮದೀನಾದೊಳಗಿನ ಬನೂ ಕುರೈಝಾ ಗೋತ್ರವು ಒಪ್ಪಂದ ಮುರಿದಿದೆಯೆಂಬ ಸುದ್ದಿ ಹಬ್ಬಿತು. ಉತ್ತರದ ಶತ್ರುವಿಗಾಗಿ ಮಾಡಿದ ಸಿದ್ಧತೆಯ ಬೆನ್ನಿಗೇ ಅಪಾಯ ಬಂದಿತ್ತು. ಪ್ರವಾದಿವರ್ಯರು(ಸ) ಸುದ್ದಿಯನ್ನು ಕೇಳಿದೊಡನೆ ನಂಬಲಿಲ್ಲ, ತಳ್ಳಿಹಾಕಲೂ ಇಲ್ಲ. ಹಝ್ರತ್ ಸಅದ್ ಬಿನ್ ಮುಆದ್(ರ) ಮತ್ತು ಹಝ್ರತ್ ಸಅದ್ ಬಿನ್ ಉಬಾದಾರನ್ನು(ರ) ಪರಿಶೀಲನೆಗೆ ಕಳುಹಿಸಿದರು. ಸುದ್ದಿ ಸುಳ್ಳಾದರೆ ಬಹಿರಂಗವಾಗಿ ಸಾರಬೇಕು, ನಿಜವಾದರೆ ತನಗೆ ಮಾತ್ರ ತಿಳಿಯುವಂತೆ ಸೂಚನೆಯಲ್ಲಿ ಹೇಳಬೇಕು ಎಂದು ಸೂಚಿಸಿದ್ದರು. ಜನರ ಧೈರ್ಯ ಕುಗ್ಗದಂತೆ ನೋಡಿಕೊಳ್ಳುವುದೂ ನಾಯಕನ ಹೊಣೆ. ಆ ದಿನಗಳಲ್ಲಿ ಹೃದಯಗಳು ಗಂಟಲಿಗೆ ಬಂದಿದ್ದವೆಂದೂ, ಕಪಟವಿಶ್ವಾಸಿಗಳು ಮನೆಯ ನೆಪ ಹೇಳಿ ಜಾರಿಕೊಂಡರೆಂದೂ ಅಲ್‌ಅಹ್ಝಾಬ್ ಅಧ್ಯಾಯವು ಚಿತ್ರಿಸುತ್ತದೆ.

ಆಜ್ಞೆಯೋ, ಅಭಿಪ್ರಾಯವೋ?

ಈ ಪಾಠದ ತಿರುಳು ಇಲ್ಲಿದೆ. ಮುತ್ತಿಗೆ ಬಿಗಿಯಾದಾಗ, ಮದೀನಾದ ಖರ್ಜೂರದ ಫಸಲಿನ ಮೂರನೇ ಒಂದು ಪಾಲನ್ನು ಗತ್‌ಫಾನ್ ಗೋತ್ರಕ್ಕೆ ಕೊಟ್ಟು ಅವರನ್ನು ಹಿಂದೆ ಕಳುಹಿಸುವ ಯೋಚನೆಯನ್ನು ಪ್ರವಾದಿವರ್ಯರು(ಸ) ಮಾಡಿದರು. ಕರಡು ಪತ್ರವೂ ಸಿದ್ಧವಾಗಿತ್ತು. ಆದರೆ ಫಸಲು ಅನ್ಸಾರರದ್ದು. ಆದ್ದರಿಂದ ಅವರ ಮುಖಂಡರಾದ ಆ ಇಬ್ಬರು ಸಅದ್‌ರನ್ನು ಕರೆದು ಕೇಳಿದರು. ಇದು ಅಲ್ಲಾಹನ ಆಜ್ಞೆಯೋ ಅಥವಾ ನಮ್ಮ ಮೇಲಿನ ಕನಿಕರದಿಂದ ತಾವು ಯೋಚಿಸಿದ್ದೋ ಎಂದು ಅವರು ವಿಚಾರಿಸಿದರು. ಆಜ್ಞೆಯಾಗಿದ್ದರೆ ಮರುಮಾತಿಲ್ಲದೆ ಒಪ್ಪುತ್ತಿದ್ದರು. ತಮ್ಮ ಮೇಲಿನ ಭಾರವನ್ನು ಇಳಿಸಲು ಮಾಡಿದ ಯೋಚನೆ ಎಂದು ತಿಳಿದಾಗ ವಿನಯದಿಂದ, ಆದರೆ ದೃಢವಾಗಿ ಬೇಡವೆಂದರು. ಪ್ರವಾದಿವರ್ಯರು(ಸ) ಆ ಪ್ರಸ್ತಾಪವನ್ನು ಕೈಬಿಟ್ಟರು. ಬರಹವನ್ನು ಅಳಿಸಲಾಯಿತು.

ದಿವ್ಯವಾಣಿ ಪಡೆಯುತ್ತಿದ್ದ ಪ್ರವಾದಿಯೇ(ಸ) ತನ್ನ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಹೇಳಿದರು. ದಿವ್ಯವಾಣಿಯ ಆಧಾರವಿಲ್ಲದ ನಾವು ನಮ್ಮ ಅಭಿಪ್ರಾಯಕ್ಕೆ ಧರ್ಮದ ಬಣ್ಣ ಬಳಿದು ಬಾಯಿ ಮುಚ್ಚಿಸುವುದು ಎಷ್ಟು ದೊಡ್ಡ ಧಾರ್ಷ್ಟ್ಯ!

ಮದೀನಾದ ರಕ್ಷಣೆಯೆಂಬ ಗುರಿ ಒಂದು ದಿನವೂ ಬದಲಾಗಲಿಲ್ಲ. ಉಪಾಯಗಳು ಮಾತ್ರ ಬದಲಾದವು. ಇಪ್ಪತ್ತಕ್ಕೂ ಹೆಚ್ಚು ರಾತ್ರಿಗಳ ಮುತ್ತಿಗೆಯ ನಂತರ ಶತ್ರುಕೂಟದಲ್ಲಿ ಪರಸ್ಪರ ಅವಿಶ್ವಾಸ ಮೂಡಿತು. ಅಲ್ಲಾಹನು ಕಳುಹಿಸಿದ ಬಿರುಗಾಳಿ ಅವರ ಡೇರೆಗಳನ್ನು ಕಿತ್ತಿತು. ಅವರು ಹಿಂದಿರುಗಿದರು. ಗಾಳಿ ಯಾರ ಯೋಜನೆಯಲ್ಲಿಯೂ ಇರಲಿಲ್ಲ. ಆದರೆ ಅದು ಬರುವವರೆಗೆ ಕಂದಕದ ಕಾವಲು ಬಿಟ್ಟವರ ಪೈಕಿ ಸತ್ಯವಿಶ್ವಾಸಿಗಳಿರಲಿಲ್ಲ.

ಸಹೋದರರೇ, ಕೆಲಸ ಕೈಗೆತ್ತಿಕೊಂಡ ಸಮಿತಿಗಳು ಪ್ರತಿ ಸಭೆಯಲ್ಲೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಮ್ಮ ಗುರಿ ಯಾವುದು? ಪರಿಸ್ಥಿತಿಯಲ್ಲಿ ಏನು ಬದಲಾಗಿದೆ, ಅದನ್ನು ಪರಿಶೀಲಿಸಿದ್ದೇವೆಯೇ? ಈ ತೀರ್ಮಾನದ ಭಾರ ಹೊರುವವರನ್ನು ಕೇಳಿದ್ದೇವೆಯೇ? ನಾನು ಹಿಡಿದು ಕುಳಿತಿರುವುದು ಗುರಿಯನ್ನೋ, ಬರೀ ನನ್ನ ಅಭಿಪ್ರಾಯವನ್ನೋ? ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬಲ್ಲವನ ಕೈಯಲ್ಲಿ ಅಮಾನತ್ ಸುರಕ್ಷಿತ. ಫಲ ಕೊಡುವವನು ಅಲ್ಲಾಹನು. ತೋಡುವ ಕೆಲಸ ನಮ್ಮದು.