ಇಲ್ಲದ ಆಮೆಗೆ ಹೆದರುವ ಗಿಡ

ಕೆಮ್ಮೀಸೆ ಪಿಕಳಾರವನ್ನು ನೀವು ನೋಡಿಯೇ ಇರುತ್ತೀರಿ. ತಲೆಯ ಮೇಲೆ ಚೂಪಾದ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕುಂಕುಮದ ಬೊಟ್ಟಿನಂಥ ಕೆಂಪು, ಬಾಲದ ಬುಡದಲ್ಲೂ ಅದೇ ಕೆಂಪು. ಮಲೆನಾಡಿನ ಹಿತ್ತಲಲ್ಲಿ ಅದು ಮನೆಯ ಹಕ್ಕಿಯೇ. ಈ ಹಕ್ಕಿಯನ್ನು ಯಾರೋ 1892ರಲ್ಲಿ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪಕ್ಕೆ ಒಯ್ದರು. ಇಂದು ಅಲ್ಲಿನ ಕಾಡು ಕಾಯುವವರಿಗೆ ಅದು ತಲೆನೋವು. ಹೊರಗಿನಿಂದ ಬಂದ ಕಳೆಗಿಡಗಳ ಹಣ್ಣು ತಿಂದು, ಬೀಜವನ್ನು ಕಾಡಿನ ನಡುವೆ ಉದುರಿಸಿ ಬರುತ್ತದೆ. ಇಲ್ಲಿ ಮಾಡುವ ಕೆಲಸವನ್ನೇ ಅಲ್ಲೂ ಮಾಡುತ್ತಿದೆ ಪಾಪ. ಹಾಗಿದ್ದರೆ ಇಲ್ಲಿ ಒಳ್ಳೆಯದಾದದ್ದು ಅಲ್ಲಿ ಕೆಟ್ಟದ್ದು ಹೇಗಾಯಿತು? ಇದು ಅರ್ಥವಾದರೆ ದ್ವೀಪದ ಪಾಠ ಅರ್ಧ ಮುಗಿದ ಹಾಗೆ.

ಮೊದಲು ಜಾಗ ನೋಡೋಣ. ಆಫ್ರಿಕದ ಪೂರ್ವಕ್ಕೆ ಮಡಗಾಸ್ಕರ್ ಇದೆಯಲ್ಲ, ಅಲ್ಲಿಂದ ಇನ್ನೂ ಸುಮಾರು 900 ಕಿಲೋಮೀಟರ್ ಪೂರ್ವಕ್ಕೆ ಹೋದರೆ ಮಾರಿಷಸ್. ಅದರಾಚೆ ಸುಮಾರು 600 ಕಿಲೋಮೀಟರ್ ದೂರದಲ್ಲಿ ಅದೇ ದೇಶಕ್ಕೆ ಸೇರಿದ ರಾಡ್ರಿಗ್ಸ್ ಎಂಬ ಪುಟ್ಟ ದ್ವೀಪ. ಸುಮಾರು 80 ಲಕ್ಷ ವರ್ಷಗಳ ಹಿಂದೆ ಸಮುದ್ರದಿಂದ ಎದ್ದ ಜ್ವಾಲಾಮುಖಿಯೇ ಮಾರಿಷಸ್. ಯಾವ ಖಂಡಕ್ಕೂ ಅದು ಎಂದೂ ಅಂಟಿಕೊಂಡಿರಲಿಲ್ಲ. ಅಲ್ಲಿಗೆ ಬಂದ ಪ್ರತಿ ಜೀವವೂ ಹಾರಿ ಬರಬೇಕಿತ್ತು, ತೇಲಿ ಬರಬೇಕಿತ್ತು, ಇಲ್ಲವೇ ಹಕ್ಕಿಯ ಹೊಟ್ಟೆಯಲ್ಲೋ ಗಾಳಿಯಲ್ಲೋ ಬೀಜವಾಗಿ ಬರಬೇಕಿತ್ತು. ಹುಲಿ, ನರಿ, ಇಲಿ, ಮಂಗ ಯಾವುದಕ್ಕೂ ಅದು ಸಾಧ್ಯವಾಗಲಿಲ್ಲ. ಬಾವಲಿಗಳನ್ನು ಬಿಟ್ಟರೆ ನೆಲದ ಸಸ್ತನಿಯೇ ಇಲ್ಲದ ನಾಡು ಅದಾಗಿತ್ತು.

ಮುಂದೆ ಹೋಗುವ ಮುನ್ನ ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಹೊಸಬರು ಎಡವುವುದು ಇಲ್ಲೇ. ತಾನಾಗಿಯೇ ಒಂದು ಜಾಗಕ್ಕೆ ಬಂದು ನೆಲೆಸಿದ್ದು ‘ದೇಶಿ’. ಅದು ಬೇರೆಡೆಯೂ ಇರಬಹುದು. ಕಾಗೆ ನಮ್ಮ ದೇಶಿ ಹಕ್ಕಿ, ಆದರೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಒಂದು ಜಾಗದಲ್ಲಿ ಬಿಟ್ಟು ಲೋಕದ ಬೇರೆಲ್ಲೂ ಸಹಜವಾಗಿ ಇರದಿದ್ದರೆ ಅದು ‘ಎಂಡೆಮಿಕ್’. ಪಶ್ಚಿಮ ಘಟ್ಟದ ಸಿಂಗಳೀಕ ಅಂಥದ್ದು. ಮನುಷ್ಯರು ತಂದು ಬಿಟ್ಟ ಮೇಲೆ ಹಿಡಿತ ಮೀರಿ ಹಬ್ಬಿ ಉಳಿದವನ್ನು ಒತ್ತರಿಸುವುದು ‘ಆಕ್ರಮಣಕಾರಿ’. ನಮ್ಮ ಕಾಡುಗಳ ಲಂಟಾನ ಅದಕ್ಕೆ ಒಳ್ಳೆಯ ಉದಾಹರಣೆ. ಮಾರಿಷಸ್‌ನಲ್ಲಿ ಸುಮಾರು 690 ದೇಶಿ ಹೂಗಿಡಗಳಿವೆ. ಅವುಗಳಲ್ಲಿ ನೂರಕ್ಕೆ ನಲವತ್ತರಷ್ಟು ಎಂಡೆಮಿಕ್. ಅಲ್ಲಿ ಅಳಿದರೆ ಭೂಮಿಯಿಂದಲೇ ಅಳಿದಂತೆ.

ಬೇಟೆಗಾರನೇ ಇಲ್ಲದ ಊರಲ್ಲಿ ಓಡಿ ತಪ್ಪಿಸಿಕೊಳ್ಳುವುದಕ್ಕೆ ಬೆಲೆ ಇಲ್ಲ. ಹಾರುವುದು ಖರ್ಚಿನ ಕೆಲಸ. ಅಗತ್ಯವಿಲ್ಲದಿದ್ದರೆ ತಲೆಮಾರುಗಳು ಕಳೆದಂತೆ ರೆಕ್ಕೆ ಕುಗ್ಗುತ್ತದೆ. ಹಾಗೆ ಹಾರಿ ಬಂದ ಒಂದು ಪಾರಿವಾಳದ ವಂಶ ಲಕ್ಷಾಂತರ ವರ್ಷಗಳಲ್ಲಿ ನೆಲಕ್ಕಿಳಿದು, ಸುಮಾರು ಒಂದು ಮೀಟರ್ ಎತ್ತರದ, ಹಾರಲಾರದ ಡೋಡೋ ಆಯಿತು. ಇವತ್ತು ಬದುಕಿರುವ ಹಕ್ಕಿಗಳಲ್ಲಿ ಅದಕ್ಕೆ ತೀರ ಹತ್ತಿರದ ನೆಂಟ ನಮ್ಮ ನಿಕೋಬಾರ್ ಪಾರಿವಾಳ. ಡಚ್ಚರು 1598ರಲ್ಲಿ ಬಂದಿಳಿದರು. ಡೋಡೋವನ್ನು ಕಂಡದ್ದಕ್ಕೆ ಬಹುಮಂದಿ ಒಪ್ಪುವ ಕೊನೆಯ ದಾಖಲೆ 1662ರದ್ದು. ನಡುವೆ 64 ವರ್ಷ ಅಷ್ಟೆ. ನಾವಿಕರು ತಿಂದು ಮುಗಿಸಿದರು ಎಂದು ಮಕ್ಕಳಿಗೆ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಹಡಗಿನಲ್ಲಿ ಬಂದ ಇಲಿ, ಹಂದಿ, ಮಂಗಗಳಿಗೆ ನೆಲದ ಮೇಲಿನ ಗೂಡು ಬಡಿಸಿಟ್ಟ ಎಲೆಯಾಗಿತ್ತು. ಮೊಟ್ಟೆಯೇ ಉಳಿಯದ ಮೇಲೆ ವಂಶ ಉಳಿಯುವುದೆಲ್ಲಿ?

ಆಮೇಲೆ ಜನ ಡೋಡೋವನ್ನು ಎಷ್ಟು ಮರೆತರೆಂದರೆ, ಅದು ಕಟ್ಟುಕತೆ ಎಂದು ನಂಬಿದವರೂ ಇದ್ದರು. 1865ರಲ್ಲಿ ಜಾರ್ಜ್ ಕ್ಲಾರ್ಕ್ ಎಂಬ ಶಾಲಾ ಮೇಷ್ಟ್ರು ಮಾರ್ ಒ ಸೋಂಜ್ ಎಂಬ ಜೌಗಿಗೆ ಕೂಲಿಯವರನ್ನು ಇಳಿಸಿ, ಕೆಸರಿನಲ್ಲಿ ಕಾಲಿಂದಲೇ ತಡವಿಸಿ ಮೂಳೆಗಳನ್ನು ತೆಗೆಸಿದರು. ಮ್ಯೂಸಿಯಂಗಳಲ್ಲಿ ನಿಂತಿರುವ ಡೋಡೋ ಅಸ್ಥಿಪಂಜರಗಳಲ್ಲಿ ಹೆಚ್ಚಿನವುಗಳ ಮೂಳೆ ಆ ಕೆಸರಿನದು. ಮೇಷ್ಟ್ರುಗಳ ಪಾತ್ರ ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಡೋಡೋ ಹೋಯಿತು ಎಂದರೆ ಒಂದು ಹಕ್ಕಿ ಹೋಯಿತು ಎಂದಷ್ಟೇ ಎಣಿಸಬೇಡಿ. ಒಂದು ಹಲ್ಲಿಯ ಉದಾಹರಣೆಯಿಂದ ಇದು ಬೇಗ ತಿಳಿಯುತ್ತದೆ. ಮಾರಿಷಸ್‌ನಲ್ಲಿ ದಾಸವಾಳದ ಕುಟುಂಬಕ್ಕೆ ಸೇರಿದ ಟ್ರೊಕೇಶಿಯ ಎಂಬ ಗಿಡಗಳಿವೆ. ಅವುಗಳಲ್ಲೊಂದರ ಕೆಂಪು ಹೂವು ಆ ದೇಶದ ರಾಷ್ಟ್ರಪುಷ್ಪ. ಅಲ್ಲಿನವರು ಅದನ್ನು ಕರೆಯುವ ಹೆಸರಿಗೆ ಕಿವಿಯೋಲೆ ಎಂದೇ ಅರ್ಥ. ಇನ್ನೊಂದು ಬಗೆಯ ಟ್ರೊಕೇಶಿಯದ ಪರಾಗ ಮುಟ್ಟಿಸುವ ಕೆಲಸವನ್ನು ಹಗಲು ಓಡಾಡುವ ಹಸಿರು-ನೀಲಿ ಹಲ್ಲಿ ಮಾಡುತ್ತದೆ. ಹೌದು, ಹಲ್ಲಿಯೇ. ಈ ಹೂಗಳ ಮಕರಂದಕ್ಕೆ ಬಣ್ಣವಿದೆ. ಆ ಬಣ್ಣ ಹಲ್ಲಿಯನ್ನು ಸೆಳೆಯುತ್ತದೆ. ಆದರೆ ಹಲ್ಲಿಗೆ ಹದ್ದುಗಣ್ಣುಗಳಿಂದ ಅಡಗಲು ಮರೆ ಬೇಕು. ಅದು ಅಡಗುವುದು ಕೇದಗೆಯ ಜಾತಿಯ ಗಿಡಗಳ ಮುಳ್ಳೆಲೆಗಳ ಸಂದಿಯಲ್ಲಿ. ಸಂಶೋಧಕರು ಎಣಿಸಿ ನೋಡಿದಾಗ ಕೇದಗೆ ಪೊದೆಯ ಹತ್ತಿರದ ಟ್ರೊಕೇಶಿಯಗಳು ಹೆಚ್ಚು ಕಾಯಿ ಕಟ್ಟಿದ್ದವು, ದೂರದವು ಕಡಿಮೆ. ಕೇದಗೆ ಕಡಿದವನಿಗೆ ತಾನು ಒಂದು ಹೂವಿನ ಸಂತಾನ ನಿಲ್ಲಿಸಿದೆ ಎಂಬ ಅರಿವೂ ಇರುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಟಂಬಲಕೋಕ್ ಎಂಬ ಮರದ ಗಟ್ಟಿ ಬೀಜ ಡೋಡೋ ಹೊಟ್ಟೆಯನ್ನು ಹಾದು ಬಂದರೆ ಮಾತ್ರ ಮೊಳೆಯುತ್ತಿತ್ತು, ಡೋಡೋ ಅಳಿದ ಮೇಲೆ ಒಂದೂ ಹೊಸ ಮರ ಹುಟ್ಟಿಲ್ಲ ಎಂದು 1977ರಲ್ಲಿ ಒಬ್ಬ ವಿಜ್ಞಾನಿ ಬರೆದರು. ಎಷ್ಟು ಚೆಂದದ ಕಥೆ! ಪಠ್ಯಪುಸ್ತಕಗಳಿಗೂ ಹೋಯಿತು. ಆದರೆ ಡೋಡೋ ಅಳಿದ ಮೇಲೆ ಹುಟ್ಟಿದ ಮರಗಳೂ ಇವೆ, ಬೀಜ ಹಕ್ಕಿಯ ಹೊಟ್ಟೆಗೆ ಹೋಗದೆಯೂ ಮೊಳೆಯುತ್ತದೆ ಎಂದು ಉಳಿದವರು ತೋರಿಸಿದರು. ಜೀವಿಗಳ ನಡುವಿನ ನಂಟನ್ನು ಊಹಿಸುವುದು ಸುಲಭ. ಕೇದಗೆಯ ಬಳಿ ಕಾಯಿ ಎಣಿಸಿದ ಹಾಗೆ ಎಣಿಸಿದ ಮೇಲೆಯೇ ನಂಬಬೇಕು.

ಇನ್ನು ಕೆಟ್ಟದ್ದು ಹೇಗೆ ಎಂಬ ಲೆಕ್ಕ. ಡಚ್ಚರು ಬೆಲೆಬಾಳುವ ಕರಿಮರ ಕಡಿದರು. ಆಮೇಲೆ ಬಂದ ಫ್ರೆಂಚರು, ಬ್ರಿಟಿಷರು ಕಬ್ಬಿಗಾಗಿ ಬಯಲು ಮಾಡಿದರು. ಮಿಡತೆ ತಿನ್ನಲೆಂದು ಗೊರವಂಕ ಬಂತು, ಇಲಿ ಹಿಡಿಯಲೆಂದು 1900ರ ಸುಮಾರಿಗೆ ಮುಂಗುಸಿ ಬಂತು. ಎರಡೂ ನಮ್ಮ ಕಡೆಯವೇ. ನಮ್ಮ ಕೊರಳಪಟ್ಟಿ ಗಿಳಿಯೂ ಅಲ್ಲಿ ಸೇರಿಕೊಂಡು, ಅಲ್ಲಿನದೇ ಆದ ಎಕೋ ಗಿಳಿಯ ಜೊತೆ ಮರದ ಪೊಟರೆಗಾಗಿ ಜಗಳಕ್ಕೆ ನಿಂತಿತು. ದಕ್ಷಿಣ ಅಮೆರಿಕದ ಚಿಕ್ಕ ಕೆಂಪು ಸೀಬೆ ಕಾಡಿನ ನೆಲವನ್ನೆಲ್ಲ ತುಂಬಿತು. ಅದರ ನೆರಳಲ್ಲಿ ದೇಶಿ ಸಸಿ ಏಳುವುದಿಲ್ಲ. ಸೀಬೆಹಣ್ಣು ತಿಂದು ಹಂದಿಯೂ ಮಂಗವೂ ಬೀಜ ಹರಡುತ್ತವೆ. ಒಳ್ಳೆಯ ಸ್ಥಿತಿಯ ದೇಶಿ ಕಾಡು ಇಂದು ದ್ವೀಪದ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ.

ಇಷ್ಟಾದ ಮೇಲೂ ಈ ದ್ವೀಪವನ್ನು ಲೋಕದ ಜೀವಶಾಸ್ತ್ರಜ್ಞರು ಗೌರವದಿಂದ ನೋಡುವುದಕ್ಕೆ ಕಾರಣವಿದೆ. ಮಾರಿಷಸ್‌ನ ಪುಟ್ಟ ಚಾಣ ಕಾಡಿನಲ್ಲಿ 1974ರ ಹೊತ್ತಿಗೆ ನಾಲ್ಕೇ ಉಳಿದಿದ್ದವು. ಮಲೇರಿಯ ಓಡಿಸಲು ಸಿಂಪಡಿಸಿದ ಡಿಡಿಟಿ ಅದಕ್ಕೆ ಒಂದು ಕಾರಣ. 1979ರಲ್ಲಿ ಬಂದ ಕಾರ್ಲ್ ಜೋನ್ಸ್ ಎಂಬ ವೇಲ್ಸ್‌ನ ಯುವಕ ಮಾಡಿದ್ದು ಕೋಳಿ ಸಾಕುವವರಿಗೆ ಆಶ್ಚರ್ಯವೆನಿಸದ ಉಪಾಯ. ಹಕ್ಕಿ ಮೊದಲು ಇಟ್ಟ ಮೊಟ್ಟೆಗಳನ್ನು ಎತ್ತಿ ಯಂತ್ರದಲ್ಲಿ ಕಾವು ಕೊಟ್ಟರೆ, ತಾಯಿ ಮತ್ತೆ ಮೊಟ್ಟೆಯಿಡುತ್ತದೆ. ಜೊತೆಗೆ ಇಲಿಮರಿಗಳನ್ನು ಕೊಟ್ಟು ಮೈ ತುಂಬಿಸಿದರು, ಗೂಡುಪೆಟ್ಟಿಗೆ ಕಟ್ಟಿದರು, ಮುಂಗುಸಿ ಹಿಡಿದರು. ಎರಡು ದಶಕದೊಳಗೆ ನಾಲ್ಕಿದ್ದದ್ದು ನೂರಾರು ಆಯಿತು. 1990ರ ಸುಮಾರಿಗೆ ಕಾಡಿನಲ್ಲಿ ಹತ್ತಕ್ಕೆ ಇಳಿದಿದ್ದ ಗುಲಾಬಿ ಪಾರಿವಾಳ, 1980ರ ದಶಕದಲ್ಲಿ ಹೆಚ್ಚುಕಡಿಮೆ ಡಜನ್ನಿಗೆ ಇಳಿದಿದ್ದ ಎಕೋ ಗಿಳಿ, ಎರಡೂ ಈಗ ನೂರಾರು ಇವೆ. ಅಲ್ಲಿ ಪವಾಡವೇನೂ ನಡೆಯಲಿಲ್ಲ. ದಿನವೂ ಕಾಳು ಹಾಕುವುದು, ಇಲಿಬೋನು ನೋಡುವುದು, ಸೀಬೆ ಕೀಳುವುದು. ವರ್ಷ ಕಳೆದ ಮೇಲೆ ಮತ್ತೆ ಅದೇ ಸೀಬೆ ಕೀಳುವುದು. ಕೆಲಸ ನಿಲ್ಲಿಸಿದರೆ ಸಂಖ್ಯೆಯೂ ಇಳಿಯುತ್ತದೆ.

ಅಳಿದ ಜೀವಿಯನ್ನು ಮರಳಿ ತರಲಾಗದು. ಆದರೆ ಅದು ಮಾಡುತ್ತಿದ್ದ ಕೆಲಸಕ್ಕೆ ಬೇರೊಬ್ಬರನ್ನು ನೇಮಿಸಬಹುದೇ? ಆಗ್ನೇಯ ತೀರದ ಇಲೋಜೆಗ್ರೆಟ್ ಎಂಬ 26 ಹೆಕ್ಟೇರಿನ ಹವಳಗಲ್ಲಿನ ನಡುಗಡ್ಡೆಯಲ್ಲಿ ಇದನ್ನು ಪ್ರಯತ್ನಿಸಿದರು. ಮಾರಿಷಸ್‌ನ ದೈತ್ಯ ಆಮೆಗಳು ಎಂದೋ ಮುಗಿದಿದ್ದವು. 2000ದಲ್ಲಿ ದೂರದ ಅಲ್ಡಾಬ್ರ ಮೂಲದ ದೈತ್ಯ ಆಮೆಗಳನ್ನು ತಂದು ಬಿಟ್ಟರು. ಅಲ್ಲಿ ಕಾಂಡದ ಮೇಲೆಯೇ ಹಣ್ಣು ಬಿಡುವ ಒಂದು ಕರಿಮರವಿದೆ. ಹಣ್ಣು ಬುಡದಲ್ಲೇ ಉದುರಿ ಕೊಳೆಯುತ್ತಿತ್ತು. ಆಮೆಗಳು ತಿಂದವು, ನಡೆದು ಹೋಗಿ ಬೇರೆಡೆ ಹಾಕಿದವು. ಆ ಬೀಜಗಳು ಚೆನ್ನಾಗಿ ಮೊಳೆತವು. 2020ರಲ್ಲಿ ವಾಕಾಶಿಯೊ ಎಂಬ ಹಡಗು ಅಲ್ಲೇ ಹತ್ತಿರ ಬಂಡೆಗೇರಿ ಎಣ್ಣೆ ಚೆಲ್ಲಿದಾಗ, ಒಂದೇ ನಡುಗಡ್ಡೆಯಲ್ಲಿ ಎಲ್ಲವನ್ನೂ ಇಡುವ ಅಪಾಯವೂ ಕಂಡಿತು.

ಎಲ್ಲ ಕಥೆಯೂ ಹೀಗೆ ಸುಖಾಂತವಲ್ಲ. ಹಣ್ಣು ತಿನ್ನುವ ಮಾರಿಷಸ್ ಬಾವಲಿ ತೋಟಗಳ ಲಿಚಿಗೆ ಬೀಳುತ್ತದೆಂದು ಬೆಳೆಗಾರರು ಸಿಟ್ಟಾದರು. 2015ರಿಂದ ಸರ್ಕಾರವೇ ಹಲವು ಬಾರಿ ಸಾವಿರಾರು ಬಾವಲಿಗಳನ್ನು ಕೊಲ್ಲಿಸಿತು. 2018ರಲ್ಲಿ ಅದು ಅಪಾಯದಂಚಿನ ಪಟ್ಟಿ ಸೇರಿತು. ತೋಟಕ್ಕೆ ಮಂಗ ನುಗ್ಗುವ ಕಷ್ಟ ಕಂಡ ನಮ್ಮ ರೈತರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಡೋಡೋ, ಆಮೆ ಹೋದ ಮೇಲೆ ಕಾಡಿನ ದೊಡ್ಡ ಹಣ್ಣುಗಳ ಬೀಜ ಹೊರಲು ಅಲ್ಲಿ ಉಳಿದಿರುವುದು ಈ ಬಾವಲಿ. ಮರಕ್ಕೆ ಬಲೆ ಹೊದಿಸುವುದು ದುಬಾರಿ, ಆದರೂ ಸರಿಯಾದ ದಾರಿ. ಮರಗಳಲ್ಲೂ ಸುಖಾಂತವಲ್ಲದ ಕಥೆ ಉಂಟು. ಕ್ಯುರ್ಪಿಪ್ ಊರಿನ ಸಸ್ಯೋದ್ಯಾನದಲ್ಲಿ ಒಂದು ತಾಳೆಯ ಜಾತಿಯ ಮರವಿದೆ. ಆ ಪ್ರಭೇದದಲ್ಲಿ ಉಳಿದದ್ದು ಅದೊಂದೇ. ಅದರ ಗಂಡು ಹೂವೂ ಹೆಣ್ಣು ಹೂವೂ ಒಂದೇ ಹೊತ್ತಿಗೆ ಅರಳುವುದಿಲ್ಲ.

ಇದೇ ಒಂಟಿತನದಿಂದ ಪಾರಾದ ಗಿಡವೊಂದು ರಾಡ್ರಿಗ್ಸ್‌ನಲ್ಲಿದೆ. ಹೆಸರು ಕಫೆ ಮರೋಂ, ನಮ್ಮ ಕಾಫಿಯ ಕುಟುಂಬದ್ದು, ನಕ್ಷತ್ರದಂಥ ಬಿಳಿ ಹೂವಿನದು. ಹತ್ತೊಂಬತ್ತನೇ ಶತಮಾನದ ಒಂದು ಚಿತ್ರ ಉಳಿದಿತ್ತು. ಗಿಡ ಅಳಿದಿದೆ ಎಂದು ಎಲ್ಲರೂ ನಂಬಿದ್ದರು. 1980ರ ಹೊತ್ತಿಗೆ ಅಲ್ಲಿನ ಒಬ್ಬ ಮೇಷ್ಟ್ರು ತರಗತಿಯಲ್ಲಿ ಆ ಚಿತ್ರ ತೋರಿಸಿದರು. ಒಬ್ಬ ಹುಡುಗ, ‘ಇದು ನಮ್ಮ ಮನೆ ಹತ್ತಿರ ಇದೆ’ ಎಂದ. ನಿಜವಾಗಿಯೂ ಇತ್ತು, ಒಂದೇ ಒಂದು. ಸುದ್ದಿ ಹಬ್ಬಿತು. ಅದು ಔಷಧಿ ಎಂದು ಜನ ಕೊಂಬೆ ಮುರಿಯತೊಡಗಿದ್ದರಿಂದ ಅದರ ಸುತ್ತ ಬೇಲಿಯ ಮೇಲೆ ಬೇಲಿ ಹಾಕಬೇಕಾಯಿತು. 1986ರಲ್ಲಿ ಅದರ ತುಂಡುಗಳು ವಿಮಾನದಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋದವು. ಅಲ್ಲಿ ಬೇರು ಬಿಟ್ಟು ಹೂ ಬಿಟ್ಟರೂ ಬೀಜ ಕಟ್ಟಲಿಲ್ಲ. 2003ರಲ್ಲಿ ಕಾರ್ಲೋಸ್ ಮ್ಯಾಗ್ದಲೇನ ಎಂಬ ತೋಟಗಾರ ಮತ್ತೆ ಮತ್ತೆ ಪ್ರಯತ್ನಿಸಿ, ಹೂವಿನ ಶಲಾಕೆಯ ತುದಿಯನ್ನೇ ಕತ್ತರಿಸಿ ಪರಾಗ ಮುಟ್ಟಿಸಿ ಬೀಜ ಪಡೆದರು. ಅದರ ಸಸಿಗಳು ಈಗ ಊರಿಗೆ ಮರಳಿವೆ.

ಆ ಸಸಿಗಳನ್ನು ನೋಡಿದವರಿಗೆ ಒಂದು ಸೋಜಿಗ. ಎಳೆ ಗಿಡದ ಎಲೆಗಳು ಉದ್ದ, ಕಿರಿದು, ಕಂದು. ಒಣಗಿದ ಕಸದಂತೆ ಕಾಣುತ್ತವೆ. ಗಿಡ ಆಳೆತ್ತರ ಬೆಳೆದ ಮೇಲೆ ಅಗಲವಾದ ಹಸಿರೆಲೆ ಬಿಡುತ್ತದೆ. ಆಮೆಯ ಬಾಯಿಗೆ ಸಿಗದ ಎತ್ತರ ತಲುಪುವವರೆಗೆ ಅದು ಕಣ್ತಪ್ಪಿಸಿಕೊಳ್ಳುವ ಬಗೆ ಇದು. ರಾಡ್ರಿಗ್ಸ್‌ನ ದೈತ್ಯ ಆಮೆಗಳು ಅಳಿದು ಇನ್ನೂರು ವರ್ಷವಾಯಿತು. ಅದು ಗಿಡಕ್ಕೆ ಇನ್ನೂ ಗೊತ್ತಿಲ್ಲ. ಕೇವಲ ಒಂದು ಗಿಡದಿಂದ ಬಂದ, ಲಂಡನ್ನಿನ ಗಾಜಿನ ಮನೆಯಲ್ಲಿ ಮೊಳೆತ ಬೀಜವೂ ಮೊದಲ ಎಲೆ ಬಿಡುವಾಗ ಆ ಆಮೆಗೇ ಹೆದರಿ ಬಣ್ಣ ಮುಚ್ಚಿಡುತ್ತದೆ.